ಕಾಲುದಾರಿಯ ಹಕ್ಕು
ಬ್ರಿಟನ್ನಿನ ಬೆಟ್ಟಗಳಲ್ಲಿ ಒಂದು ಕುಟುಂಬ ವಿಹಾರ

ಬ್ರಿಟನ್ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರಗಳು ಬಹುಮಟ್ಟಿಗೆ ಲಂಡನ್ ನಗರದವು. ಥೇಮ್ಸ್ ನದಿ, ಪಾರ್ಲಿಮೆಂಟಿನ ಗಡಿಯಾರ ಗೋಪುರ, ಅರಮನೆಯ ಮುಂದಿನ ಕಾವಲುಗಾರರು, ವಸ್ತುಸಂಗ್ರಹಾಲಯಗಳು, ಇವನ್ನು ಕಂಡು ಛಾಯಾಚಿತ್ರ ತೆಗೆಸಿಕೊಂಡು ಬಂದವರು ಆ ದೇಶವನ್ನೇ ಕಂಡೆವೆಂದು ಭಾವಿಸುವುದುಂಟು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಗ್ರಹದ ‘ಕಾರಿಹೆಗ್ಗಡೆಯ ಮಗಳು’ ಪದ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮ್ಮ ತಲೆಮಾರಿನವರಿಗೆ ಮಾತ್ರ, ಆ ದ್ವೀಪದಲ್ಲಿ ಬೆಟ್ಟವೂ ಬಿರುಗಾಳಿಯೂ ಉಂಟೆಂಬ ಮಸುಕಾದ ನೆನಪಿದ್ದೀತು. ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಬೆಲ್ಲನ ಆ ಪದ್ಯವನ್ನು ಓದಿ ಎಷ್ಟೋ ವರ್ಷಗಳಾಗಿದ್ದುವು. ಕಳೆದ ಬೇಸಗೆಯಲ್ಲಿ ಆ ನಾಡಿನ ಗಾಳಿ ನನ್ನ ಮುಖಕ್ಕೇ ಹೊಡೆದಾಗ ಅದು ನೆನಪಿಗೆ ಬಂದಿತು.

ಶನಿವಾರ, ಆದಿತ್ಯವಾರಗಳ ಮುಂಜಾನೆ ಮ್ಯಾಂಚೆಸ್ಟರಿನ ಪಿಕಡಿಲಿ ರೈಲು ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಬೇರೆಯೇ ಒಂದು ಬ್ರಿಟನ್ ಕಾಣಸಿಗುತ್ತದೆ. ಬೆನ್ನಿಗೆ ಚೀಲ, ಕಾಲಿಗೆ ದಪ್ಪ ಅಟ್ಟೆಯ ಬೂಟು, ಕೊರಳಲ್ಲಿ ತೂಗುವ ನಕಾಶೆ. ಎಪ್ಪತ್ತು ದಾಟಿದ ದಂಪತಿಗಳು, ಕೈಗೂಸನ್ನು ಬೆನ್ನಿಗೆ ಕಟ್ಟಿಕೊಂಡ ತಂದೆ, ಕಾಲೇಜಿನ ತರುಣ ತರುಣಿಯರ ಗುಂಪು, ಜತೆಗೆ ಒಂದೆರಡು ನಾಯಿಗಳು. ಎಲ್ಲರೂ ನಗರಕ್ಕೆ ಬೆನ್ನುಮಾಡಿ ಬೆಟ್ಟಕ್ಕೆ ಹೊರಟವರು. ಮಗನ ಮನೆಯಲ್ಲಿ ಎರಡು ತಿಂಗಳಿದ್ದ ನಾನೂ ಈ ಗುಂಪಿನಲ್ಲಿ ಒಬ್ಬನಾದೆ. ಅಲ್ಲಿ ಕಂಡುದರಲ್ಲಿ ಬೆಟ್ಟದ ಚೆಲುವಿಗಿಂತಲೂ ಹೆಚ್ಚಾಗಿ ಮನಸ್ಸಿನಲ್ಲಿ ನಿಂತುದು, ಆ ಚೆಲುವನ್ನು ಸಾಮಾನ್ಯ ಜನರು ತಮ್ಮದನ್ನಾಗಿ ಮಾಡಿಕೊಂಡ ಬಗೆ. ಅದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲ ಅಳುಕು

ಮಗ ಆ ನಗರದಲ್ಲಿ ನೆಲೆಸಿ ಹನ್ನೊಂದು ವರ್ಷಗಳಾದುವು. ಮನೆಯ ಮಹಡಿಯ ಕಿಟಕಿಯಿಂದ ಪೂರ್ವಕ್ಕೆ ನೋಡಿದರೆ, ಆಕಾಶ ತಿಳಿಯಾಗಿದ್ದ ದಿನ, ನೀಲಿಯ ಗೆರೆಯಂತೆ ಒಂದು ಬೆಟ್ಟಸಾಲು ಕಾಣುತ್ತದೆ. ಆದರೂ ಮೊದಲ ಎಂಟು ವರ್ಷ ಅವರು ಆ ಕಡೆ ತಲೆಹಾಕಿರಲಿಲ್ಲ. ಕಾರಣ ಕೇಳಿದಾಗ ಮಗ ಸಂಕೋಚದಿಂದ ಹೇಳಿದ: “ಅಪ್ಪಾ, ಬೆಟ್ಟಕ್ಕೆ ಹೋಗುವವರೇ ಬೇರೆ, ನಾವೇ ಬೇರೆ ಎಂದುಕೊಂಡಿದ್ದೆವು. ಅಲ್ಲಿ ನಮ್ಮವರ ಮುಖ ಕಾಣುವುದೇ ಅಪರೂಪ. ಯಾರದೋ ಹೊಲ, ಯಾರದೋ ಬೇಲಿ. ‘ಇಲ್ಲಿಗೇಕೆ ಬಂದಿರಿ’ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?”

ಊರು ಬಿಟ್ಟು ಬಂದವರ ಮನಸ್ಸನ್ನು ಬಲ್ಲ ನಮಗೆ ಈ ಅಳುಕು ಹೊಸದೇನಲ್ಲ. ಮುಂಬಯಿಗೆ ಬಂದ ಮೊದಲ ವರ್ಷಗಳಲ್ಲಿ ನನಗೂ ಕೋಣೆ, ಕಚೇರಿ, ಲೋಕಲ್ ಗಾಡಿ, ಕನ್ನಡ ಸಂಘದ ಸಭಾಗೃಹ, ಇಷ್ಟೇ ಮುಂಬಯಿಯಾಗಿತ್ತು. ಕಣ್ಣೆದುರಿಗೇ ಇದ್ದ ಸಹ್ಯಾದ್ರಿಯ ಕೋಟೆಗಳನ್ನು ಹತ್ತಿದುದು ತಲೆಗೂದಲು ನರೆತ ಮೇಲೆ. ದುಡಿಮೆಗೆಂದು ಬಂದ ನೆಲದಲ್ಲಿ ದುಡಿಮೆಯ ಜಾಗವಷ್ಟೇ ತನ್ನದು, ಉಳಿದುದು ಊರವರದು ಎಂಬ ಭಾವನೆ ಪರಸ್ಥಳಕ್ಕೆ ಹೋದವನಲ್ಲಿ ಎಷ್ಟು ಆಳವಾಗಿ ಬೇರೂರಿರುತ್ತದೆ ಎಂಬುದನ್ನು ಅನುಭವಿಗಳೇ ಬಲ್ಲರು.

ಈ ಗಂಟನ್ನು ಬಿಡಿಸಿದವನು ನನ್ನ ಮೊಮ್ಮಗ. ಶಾಲೆಯವರೊಡನೆ ಒಂದು ದಿನ ಬೆಟ್ಟಕ್ಕೆ ಹೋಗಿ ಬಂದ ಅವನು, “ಅಲ್ಲಿಗೆ ಯಾರು ಬೇಕಾದರೂ ಹೋಗಬಹುದಂತೆ, ನಾವೇಕೆ ಹೋಗುವುದಿಲ್ಲ?” ಎಂದು ಹಿಡಿದ ಹಟಕ್ಕೆ ಉತ್ತರವಿರಲಿಲ್ಲ. ಅಂದಿನಿಂದ ತಿಂಗಳಿಗೊಮ್ಮೆಯಾದರೂ ಹೊರಡುವುದು ಆ ಮನೆಯ ವಾಡಿಕೆಯಾಗಿದೆ.

ಹೊರಡುವ ಮುನ್ನ

ನಮ್ಮ ತಂಡದಲ್ಲಿ ಎಂಟು ಜನ: ನಾನು, ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗ; ಮಗನ ಮಿತ್ರರಾದ ಧಾರವಾಡದ ಕಡೆಯ ಇಂಜಿನಿಯರರು, ಅವರ ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳು. ಪೀಕ್ ಡಿಸ್ಟ್ರಿಕ್ಟ್ ಎಂಬ ರಾಷ್ಟ್ರೀಯ ಉದ್ಯಾನದ ಅತ್ಯುನ್ನತ ಪ್ರದೇಶವಾದ ಕಿಂಡರ್ ಸ್ಕೌಟ್ ನಮ್ಮ ಗುರಿ. ಅದರ ಎತ್ತರ ೬೩೬ ಮೀಟರು. ಕುದುರೆಮುಖವನ್ನೋ ಮುಳ್ಳಯ್ಯನಗಿರಿಯನ್ನೋ ಕಂಡವರು “ಇದೊಂದು ಬೆಟ್ಟವೇ?” ಎಂದಾರು. ನಾನೂ ಹಾಗೆಯೇ ಅಂದೆ. ಆ ಮಾತಿಗೆ ಬೆಟ್ಟವೇ ಉತ್ತರ ಕೊಟ್ಟಿತು. ಅದನ್ನು ಮುಂದೆ ಹೇಳುತ್ತೇನೆ.

ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಸೊಸೆ ನಕಾಶೆಯನ್ನು ಹರಡಿದಳು. ಸೈನ್ಯದ ಅಗತ್ಯಕ್ಕಾಗಿ ೧೭೯೧ರಲ್ಲಿ ಸ್ಥಾಪಿತವಾದ ಆರ್ಡನೆನ್ಸ್ ಸರ್ವೆ ಎಂಬ ಸರಕಾರೀ ಸಂಸ್ಥೆಯ ನಕಾಶೆ ಅದು. ನೆಲದ ಮೇಲಿನ ಒಂದು ಕಿಲೋಮೀಟರು ಅದರಲ್ಲಿ ನಾಲ್ಕು ಸೆಂಟಿಮೀಟರು. ಹೊಲದ ಗೋಡೆ, ತೊರೆ, ಒಂಟಿ ಮನೆ, ಕಲ್ಲಿನ ಗುಡ್ಡೆ, ಯಾವುದೂ ಬಿಟ್ಟುಹೋಗಿಲ್ಲ. ಸಾರ್ವಜನಿಕ ಕಾಲುದಾರಿಗಳನ್ನು ಹಸುರು ಬಣ್ಣದ ತುಂಡುಗೆರೆಗಳಿಂದ ತೋರಿಸಿರುತ್ತಾರೆ. ಅಂಗೈಯ ಫೋನಿನಲ್ಲಿ ಇದೇ ನಕಾಶೆ ಬರುವ ಕಾಲ ಇದು. ಆದರೂ ಚಳಿಗೆ ಬ್ಯಾಟರಿ ಇಳಿದುಹೋದರೆ ಕಾಗದವೇ ಗತಿಯೆಂದು ಆಕೆ ಎರಡನ್ನೂ ಒಯ್ಯುತ್ತಾಳೆ.

ನಡಿಗೆಯ ವೇಳೆಯನ್ನು ಲೆಕ್ಕಹಾಕಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ೧೮೯೨ರಲ್ಲಿ ಕೊಟ್ಟ ಸೂತ್ರವನ್ನು ಅಲ್ಲಿಯವರು ಇಂದಿಗೂ ಬಳಸುತ್ತಾರೆ: ಮೂರು ಮೈಲಿಗೆ ಒಂದು ಗಂಟೆ, ಅದಲ್ಲದೆ ಪ್ರತಿ ೨,೦೦೦ ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮದು ಹೋಗಿಬರಲು ಸುಮಾರು ಒಂಬತ್ತು ಮೈಲಿ, ಏರು ಸುಮಾರು ೧,೫೦೦ ಅಡಿ. ಅಂದರೆ ಮೂರು ಮುಕ್ಕಾಲು ಗಂಟೆ. “ಇದು ಗಟ್ಟಿಗರ ಲೆಕ್ಕ. ಮಕ್ಕಳೂ ಮಾವನವರೂ ಇರುವುದರಿಂದ ಆರು ಗಂಟೆ ಹಿಡಿಯೋಣ” ಎಂದಳು ಸೊಸೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಮೇಲೆ, ವೇಳೆಗೆ ಬಡತನವಿಲ್ಲ. ಡಿಸೆಂಬರಿನಲ್ಲಾದರೆ ನಾಲ್ಕು ಗಂಟೆಯೊಳಗೇ ಕತ್ತಲೆ. ಆಗ ಕೈದೀಪವಿಲ್ಲದೆ ಹೊರಡುವುದು ಅಪಾಯಕ್ಕೆ ಆಹ್ವಾನ.

ಬೇಸಗೆಯಲ್ಲವೇ ಎಂದು ನಾನು ತೆಗೆದಿಟ್ಟಿದ್ದ ಹತ್ತಿಯ ಷರಟನ್ನು ಆಕೆ ಒಪ್ಪಲಿಲ್ಲ. ಹತ್ತಿ ಬಟ್ಟೆ ಬೆವರನ್ನೂ ಮಳೆಯನ್ನೂ ಹೀರಿಕೊಂಡು ಬೇಗನೆ ಒಣಗದೆ ಮೈಯ ಕಾವನ್ನು ಕದಿಯುತ್ತದೆ. ಉಣ್ಣೆಯ ಅಥವಾ ಕೃತಕ ನೂಲಿನ ಒಳಂಗಿ, ಮೇಲೊಂದು ಬೆಚ್ಚನೆಯ ಅಂಗಿ, ಎಲ್ಲಕ್ಕೂ ಮೇಲೆ ನೀರು ತಡೆಯುವ ಕವಚ, ಹೀಗೆ ಪದರ ಪದರವಾಗಿ ಉಡುವುದು ಅಲ್ಲಿಯ ಪದ್ಧತಿ. ಹತ್ತಿಯಿಂದಲೇ ಜಗತ್ಪ್ರಸಿದ್ಧವಾದ ಮ್ಯಾಂಚೆಸ್ಟರಿನಲ್ಲಿ ಹತ್ತಿಯನ್ನು ಕಳಚಿಟ್ಟು ಹೊರಡಬೇಕಾಯಿತಲ್ಲ ಎಂದು ನಗು ಬಂದಿತು. ಬುತ್ತಿಗೆ ಪಲ್ಯ ಸುತ್ತಿದ ಚಪಾತಿ, ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ಮಕ್ಕಳ ಕಿಸೆಯಲ್ಲಿ ಕೆಂಡಲ್ ಮಿಂಟ್ ಕೇಕ್. ಹೆಸರು ಕೇಕ್ ಆದರೂ ಅದು ಪುದೀನದ ಪರಿಮಳದ ಸಕ್ಕರೆಯ ಬಿಲ್ಲೆ. ೧೯೫೩ರಲ್ಲಿ ಹಿಲರಿ ಮತ್ತು ತೇನ್‌ಸಿಂಗರು ಎವರೆಸ್ಟಿಗೆ ಒಯ್ದ ತಿನಿಸೆಂದು ಮಕ್ಕಳಿಗೆ ಅದರ ಮೇಲೆ ಗೌರವ.

ಹೊಲದ ನಡುವೆ ಹಾದಿ

ಮುಕ್ಕಾಲು ಗಂಟೆಯ ರೈಲು ಪ್ರಯಾಣದ ಬಳಿಕ ಎಡೇಲ್ ಎಂಬ ಹಳ್ಳಿಯಲ್ಲಿ ಇಳಿದೆವು. ಸುತ್ತಲೂ ಹಸುರು ದಿಣ್ಣೆಗಳು, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ ಗೋಡೆಗಳು, ಮೇಯುವ ಕುರಿಗಳು. ಹಳ್ಳಿಯಿಂದ ಹೊರಟ ಕಾಲುದಾರಿ ನೇರವಾಗಿ ಒಬ್ಬ ರೈತನ ಹುಲ್ಲುಗಾವಲನ್ನು ಹೊಕ್ಕಿತು. ನಾನು ಕ್ಷಣಕಾಲ ನಿಂತೆ. ಅನ್ಯರ ಹೊಲದಲ್ಲಿ ಹೀಗೆ ನಡೆಯಬಹುದೇ?

ನಡೆಯಬಹುದು, ಏಕೆಂದರೆ ಅದು ಸಾರ್ವಜನಿಕರ ಹಕ್ಕಿನ ದಾರಿ. ಹೊಲ ರೈತನದಾದರೂ ಅದರೊಳಗಿನ ದಾರಿಯನ್ನು ಮುಚ್ಚುವ ಅಧಿಕಾರ ಅವನಿಗಿಲ್ಲ. ಶತಮಾನಗಳಿಂದ ಜನರು ಇಗರ್ಜಿಗೆ, ಸಂತೆಗೆ, ಗಿರಣಿಗೆ ನಡೆದು ನಡೆದು ಸವೆಸಿದ ಇಂಥ ದಾರಿಗಳು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಒಟ್ಟು ಸುಮಾರು ೧,೪೦,೦೦೦ ಮೈಲಿಗಳಷ್ಟಿವೆ. ಗೋಡೆ ಅಡ್ಡ ಬಂದಲ್ಲಿ ಹತ್ತಿ ಇಳಿಯಲು ಮೆಟ್ಟಿಲು ಕಟ್ಟಿರುತ್ತಾರೆ. ನಮ್ಮ ಕರಾವಳಿಯ ಗದ್ದೆಗಳಂಚಿನ ತಡಮೆಯೇ ಅದು. ಮನುಷ್ಯ ದಾಟಬಲ್ಲ, ದನ ದಾಟಲಾರದು.

ಒಂದು ಗೇಟನ್ನು ದಾಟಿದ ಮೇಲೆ ಮೊಮ್ಮಗ ಹಿಂದಿರುಗಿ ಹೋಗಿ ಅದರ ಕೊಂಡಿಯನ್ನು ಭದ್ರಪಡಿಸಿ ಬಂದ. ನಾನು ಹಾಗೆಯೇ ಬಿಟ್ಟು ಬಂದಿದ್ದೆ. “ಅಜ್ಜಾ, ಗೇಟು ಮುಚ್ಚಿದ್ದರೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು. ಇಲ್ಲದಿದ್ದರೆ ಕುರಿಗಳು ನೀರಿಗೆ ಹೋಗುವುದು ಹೇಗೆ?” ಎಂದ. ಗ್ರಾಮಾಂತರ ಸಂಹಿತೆ ಎಂಬ ಒಂದು ಚಿಕ್ಕ ನಿಯಮಾವಳಿಯನ್ನು ಆ ದೇಶದಲ್ಲಿ ೧೯೫೧ರಿಂದ ಪ್ರಚಾರಮಾಡುತ್ತ ಬಂದಿದ್ದಾರೆ. ಕಸವನ್ನು ಮನೆಗೆ ಒಯ್ಯಿರಿ, ನಾಯಿಯನ್ನು ಹತೋಟಿಯಲ್ಲಿಡಿರಿ, ಬೆಂಕಿಯ ವಿಷಯದಲ್ಲಿ ಎಚ್ಚರವಿರಲಿ, ಗೇಟನ್ನು ಕಂಡಂತೆಯೇ ಬಿಡಿರಿ, ಇಷ್ಟೇ ಅದರ ಸಾರ. ಕಾಯಿದೆಯ ಪುಸ್ತಕಕ್ಕಿಂತ ಹೆಚ್ಚಾಗಿ ಮಕ್ಕಳ ನಾಲಿಗೆಯಲ್ಲಿ ಅದು ಬದುಕಿದೆ.

ಸೆರೆಮನೆಗೆ ಹೋದ ಪಾದಚಾರಿಗಳು

ಕಾಲುದಾರಿಯ ಹಕ್ಕು ಹಳೆಯದು. ಆದರೆ ದಾರಿ ಬಿಟ್ಟು ಬೆಟ್ಟದ ಮೇಲಿನ ಬಯಲಿನಲ್ಲಿ ಸ್ವೇಚ್ಛೆಯಾಗಿ ತಿರುಗುವ ಹಕ್ಕು ಹಾಗೆ ಬಂದುದಲ್ಲ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟು ಮಾಡಿದ ಶಾಸನಗಳ ಬಲದಿಂದ ಊರೊಟ್ಟಿನ ಗೋಮಾಳಗಳು ಬೇಲಿಯೊಳಗೆ ಸೇರಿ ಜಮೀನುದಾರರ ಪಾಲಾದುವು. ಬೆಟ್ಟದ ಮೇಲಿನ ಬಯಲುಗಳು ಗ್ರೌಸ್ ಎಂಬ ಹಕ್ಕಿಯ ಬೇಟೆಗೆಂದು ಮೀಸಲಾದುವು. ವರ್ಷದಲ್ಲಿ ಕೆಲವೇ ದಿನಗಳ ಬೇಟೆಗಾಗಿ ವರ್ಷವಿಡೀ ಕಾವಲು! ಕಿಂಡರ್ ಸ್ಕೌಟ್ ಇದ್ದುದು ಒಂದು ಕಡೆ ಮ್ಯಾಂಚೆಸ್ಟರ್, ಇನ್ನೊಂದು ಕಡೆ ಶೆಫೀಲ್ಡ್ ನಗರಗಳ ನಡುವೆ. ವಾರವಿಡೀ ಹತ್ತಿಗಿರಣಿಯ ಧೂಳನ್ನೋ ಉಕ್ಕಿನ ಕುಲುಮೆಯ ಹೊಗೆಯನ್ನೋ ನುಂಗಿದ ಕಾರ್ಮಿಕರಿಗೆ ರಜೆಯ ದಿನ ಶುದ್ಧವಾದ ಗಾಳಿ ಸಿಗುವ ಜಾಗ ಅದೊಂದೇ. ಅಲ್ಲಿ ‘ಪ್ರವೇಶವಿಲ್ಲ’ ಎಂಬ ಹಲಗೆ.

೧೯೩೨ರ ಏಪ್ರಿಲ್ ೨೪, ಆದಿತ್ಯವಾರ. ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತು ವರ್ಷದ ಮ್ಯಾಂಚೆಸ್ಟರಿನ ತರುಣ, ರೈಲು ನಿಲ್ದಾಣದಲ್ಲಿ ಪೊಲೀಸರು ತಡೆದಾರೆಂದು ಸೈಕಲ್ಲು ತುಳಿದು ಹೇಫೀಲ್ಡ್ ಗ್ರಾಮವನ್ನು ಸೇರಿದ. ಊರ ಹೊರಗಿನ ಕಲ್ಲುಗಣಿಯಲ್ಲಿ ನೆರೆದ ಸುಮಾರು ನಾಲ್ಕುನೂರು ಜನರನ್ನು ಉದ್ದೇಶಿಸಿ ಮಾತನಾಡಿದ. ಅನಂತರ ಗುಂಪು ಬೆಟ್ಟವೇರಿತು. ದಾರಿಯಲ್ಲಿ ಜಮೀನುದಾರರ ಕಾವಲುಗಾರರೊಡನೆ ನೂಕಾಟವಾಯಿತು. ಹಾಡುತ್ತ ಕೆಳಗಿಳಿದು ಬಂದವರಲ್ಲಿ ಕೆಲವರನ್ನು ಪೊಲೀಸರು ಹಿಡಿದರು. ಅನುಮತಿಯಿಲ್ಲದೆ ನೆಲದ ಮೇಲೆ ಕಾಲಿಡುವುದು ಶಿಕ್ಷಾರ್ಹ ಅಪರಾಧವಾಗಿರಲಿಲ್ಲವಾದ್ದರಿಂದ, ಗಲಭೆಯ ಆರೋಪ ಹೊರಿಸಿ ಡರ್ಬಿಯ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಿದರು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸ ವಿಧಿಸಲಾಯಿತು. ರಾತ್‌ಮನ್ನನಿಗೆ ನಾಲ್ಕು ತಿಂಗಳು.

ಅಂದು ಪಾದಚಾರಿ ಸಂಘಗಳ ಹಿರಿಯರೇ ಈ ತರುಣರ ದುಡುಕನ್ನು ಒಪ್ಪಿರಲಿಲ್ಲ. ಮನವಿ, ಮಸೂದೆಗಳ ಮಾರ್ಗವೇ ಸರಿಯೆಂದು ಅವರ ಮತ. ಆದರೆ ಬೆಟ್ಟಗಳಿಗೆ ಪ್ರವೇಶ ಕೊಡಿಸುವ ಮೊದಲ ಮಸೂದೆಯನ್ನು ಜೇಮ್ಸ್ ಬ್ರೈಸ್ ಪಾರ್ಲಿಮೆಂಟಿನಲ್ಲಿ ಮಂಡಿಸಿದ್ದುದು ೧೮೮೪ರಲ್ಲಿ. ಅರ್ಧ ಶತಮಾನವಾದರೂ ಫಲ ಕಂಡಿರಲಿಲ್ಲ. ಸೆರೆವಾಸದ ಸುದ್ದಿ ಹಬ್ಬಿದೊಡನೆ ಸಹಾನುಭೂತಿ ಉಕ್ಕಿತು. ಮುಂದಿನ ಸಭೆಗಳಲ್ಲಿ ಸಾವಿರಾರು ಜನ ನೆರೆದರು. ಮಹಾಯುದ್ಧದ ತರುವಾಯ, ೧೯೪೯ರಲ್ಲಿ ರಾಷ್ಟ್ರೀಯ ಉದ್ಯಾನಗಳ ಶಾಸನ ಬಂದಿತು. ೧೯೫೧ರಲ್ಲಿ ಘೋಷಿತವಾದ ಮೊತ್ತಮೊದಲ ಉದ್ಯಾನ ಇದೇ ಪೀಕ್ ಡಿಸ್ಟ್ರಿಕ್ಟ್. ಇಂದು ಬ್ರಿಟನ್ನಿನಲ್ಲಿ ಇಂಥವು ಹದಿನೈದು. ಎಡೇಲಿನಿಂದ ಸ್ಕಾಟ್ಲೆಂಡಿನ ಗಡಿಯವರೆಗೆ ಹೋಗುವ ೨೬೮ ಮೈಲಿಗಳ ಪೆನೈನ್ ವೇ ಎಂಬ ದೀರ್ಘಪಥ ೧೯೬೫ರಲ್ಲಿ, ಏಪ್ರಿಲ್ ೨೪ರಂದೇ ತೆರೆಯಿತು. ಬೆಟ್ಟಬಯಲುಗಳಲ್ಲಿ ತಿರುಗಾಡುವ ಹಕ್ಕಿನ ಶಾಸನ ಮಾತ್ರ ಬಂದುದು ೨೦೦೦ದಲ್ಲಿ. ಬ್ರೈಸ್ ಮಸೂದೆ ಮಂಡಿಸಿ ೧೧೬ ವರ್ಷಗಳಾದ ಮೇಲೆ! ೨೦೦೨ರಲ್ಲಿ, ಬೆಟ್ಟವೇರಿದ ಘಟನೆಯ ಎಪ್ಪತ್ತನೆಯ ವರ್ಷದಲ್ಲಿ, ಅಂದಿನ ಜಮೀನುದಾರ ಮನೆತನದ ಮೊಮ್ಮಗನಾದ ಹನ್ನೊಂದನೆಯ ಡೆವನ್‌ಶೈರ್ ಡ್ಯೂಕರು ತಮ್ಮ ತಾತನ ಕಾಲದಲ್ಲಾದ ತಪ್ಪಿಗಾಗಿ ಬಹಿರಂಗವಾಗಿ ಕ್ಷಮೆ ಬೇಡಿದರು. ಕ್ಷಮೆ ಕೇಳಿದವರ ಹಿರಿತನವನ್ನೂ ಮೆಚ್ಚಬೇಕು.

ಈ ಕಥೆಯನ್ನು ಮಗ ಏರುದಾರಿಯಲ್ಲಿ ನಿಂತು ನಿಂತು ಹೇಳಿದ. “ಇದನ್ನು ಓದಿದ ಮೇಲೆ ನನ್ನ ಅಳುಕು ಹೋಯಿತು. ಈ ಹಕ್ಕನ್ನು ಗಳಿಸಿದವರು ದೊರೆಗಳಲ್ಲ, ನಮ್ಮ ಹಾಗೆ ದುಡಿದು ತಿನ್ನುವವರು” ಎಂದ.

ಮಂಜು ಕವಿದಾಗ

ಜೇಕಬ್ಸ್ ಲ್ಯಾಡರ್ ಎಂಬ ಕಡಿದಾದ ಕಲ್ಲುಮೆಟ್ಟಿಲ ದಾರಿಯನ್ನು ಏರಿ ಮೇಲೆ ಬಂದಾಗ ಬಿಸಿಲಿತ್ತು. ಮುಂದಿನ ಅರ್ಧ ಗಂಟೆಯಲ್ಲಿ ಪಶ್ಚಿಮದಿಂದ ಮೋಡ ಬಂದು ನೆಲವನ್ನೇ ತಬ್ಬಿತು. ಇಪ್ಪತ್ತು ಹೆಜ್ಜೆಯಾಚೆ ಏನೂ ಕಾಣದು. ಬೆಟ್ಟದ ನೆತ್ತಿ ಶಿಖರವಲ್ಲ. ಮೈಲಿಗಟ್ಟಲೆ ಹರಡಿದ ಕಪ್ಪು ಜವುಗು ಬಯಲು. ಸಾವಿರಾರು ವರ್ಷಗಳಿಂದ ಪಾಚಿ ಕೊಳೆತು ಕೂಡಿದ ಪೀಟ್ ಎಂಬ ಮಣ್ಣು ಅದು. ಅಡ್ಡಾದಿಡ್ಡಿ ಕೊರಕಲುಗಳಲ್ಲಿ ಇಳಿದವನಿಗೆ ದಿಕ್ಕೇ ತಪ್ಪುತ್ತದೆ.

ಮೊಮ್ಮಗನಿಗೆ ಕಿಂಡರ್ ಲೋ ಎಂಬಲ್ಲಿ ಬಂಡೆಯ ಮೇಲೆ ನಿಂತ ಬಿಳಿಯ ಕಂಬವನ್ನು ಮುಟ್ಟುವ ಹಂಬಲ. ದೇಶದ ಮೋಜಣಿಗಾಗಿ ೧೯೩೬ರಿಂದ ಮುಂದೆ ಎತ್ತರದ ಜಾಗಗಳಲ್ಲಿ ನಿಲ್ಲಿಸಿದ ಆರು ಸಾವಿರಕ್ಕೂ ಮಿಕ್ಕಿದ ಕಂಬಗಳಲ್ಲಿ ಅದೂ ಒಂದು. ನಕಾಶೆಯ ಪ್ರಕಾರ ಇನ್ನು ಕೆಲವೇ ನೂರು ಗಜ. ಸೊಸೆ ದಿಕ್ಸೂಚಿಯನ್ನು ನೋಡಿದಳು, ಮಕ್ಕಳನ್ನು ನೋಡಿದಳು. ಚಿಕ್ಕ ಹುಡುಗಿಯ ತುಟಿ ನೀಲಿಗಟ್ಟಿತ್ತು. ನಾನು, “ಇಷ್ಟು ದೂರ ಬಂದು ಹಿಂದಿರುಗುವುದೇ? ಅದೆಷ್ಟು ಎತ್ತರದ ಬೆಟ್ಟ!” ಎಂದೆ. ಆಕೆ ದನಿ ಏರಿಸದೆ, “ಮಾವ, ಬೆಟ್ಟದ ಎತ್ತರ ಇಲ್ಲಿ ಲೆಕ್ಕಕ್ಕಿಲ್ಲ. ದಾರಿ ಗೊತ್ತಿರುವಾಗಲೇ ತಿರುಗಬೇಕು. ತಪ್ಪಿದ ಮೇಲೆ ತಿರುಗುವುದೆಂದರೆ ಯಾವ ಕಡೆಗೆ?” ಎಂದಳು. ನನ್ನಲ್ಲಿ ಮಾತಿರಲಿಲ್ಲ. ಬಂದ ದಾರಿಯಲ್ಲೇ ಹೊರಳಿದೆವು.

ಇಂಥ ಕಡೆ ದಾರಿ ತಪ್ಪಿದವರಿಗಾಗಿ ಒಂದು ವ್ಯವಸ್ಥೆಯುಂಟು. ಒಂದು ನಿಮಿಷದೊಳಗೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದಬೇಕು. ಕತ್ತಲಾದರೆ ದೀಪದಿಂದ ಆರು ಸಲ ಸನ್ನೆ. ಫೋನು ಸಿಕ್ಕಿದರೆ ೯೯೯ಕ್ಕೆ ಕರೆದು ಮೊದಲು ಪೊಲೀಸರನ್ನೂ ಅವರ ಮೂಲಕ ಪರ್ವತ ರಕ್ಷಣಾ ದಳವನ್ನೂ ಕೇಳಬೇಕು. ಆ ದಳದವರು ಸಂಬಳದವರಲ್ಲ. ಶಿಕ್ಷಕರು, ಬಡಗಿಗಳು, ವೈದ್ಯರು, ಅಂಗಡಿಯವರು. ಕರೆ ಬಂದೊಡನೆ ಊಟದ ತಟ್ಟೆಯಿಂದ ಎದ್ದು ಬರುವ ಸ್ವಯಂಸೇವಕರು. ರಕ್ಷಿಸಿದವರಿಂದ ಬಿಡಿಗಾಸು ತೆಗೆದುಕೊಳ್ಳುವುದಿಲ್ಲ. ನಮ್ಮ ಹಟಕ್ಕಾಗಿ ಇನ್ನೊಬ್ಬರನ್ನು ಮಂಜಿಗೆ ಎಳೆಯದಿರುವುದೂ ಪಾದಚಾರಿಯ ಧರ್ಮವೆಂಬುದು ನನಗೆ ಅಂದು ಅರ್ಥವಾಯಿತು.

ಕೆಳಗಿಳಿಯುತ್ತ ದಾರಿಯ ಮೇಲೆ ಹಾಸಿದ ದೊಡ್ಡ ಚಪ್ಪಡಿಗಳನ್ನು ಕಂಡು ಮಗನನ್ನು ಕೇಳಿದೆ. ಲಕ್ಷಾಂತರ ಬೂಟುಗಳ ತುಳಿತಕ್ಕೆ ಪೀಟ್ ಕೊಚ್ಚಿಹೋಗುವುದನ್ನು ತಡೆಯಲು ಪೆನೈನ್ ವೇ ದಾರಿಯ ಹಲವು ಭಾಗಗಳಿಗೆ ಕಲ್ಲು ಹಾಸಿದ್ದಾರೆ. ಅವುಗಳಲ್ಲಿ ಬಹಳಷ್ಟು, ಮುಚ್ಚಿಹೋದ ಹತ್ತಿಗಿರಣಿಗಳ ನೆಲಗಟ್ಟಿನಿಂದ ಕಿತ್ತು ಹೆಲಿಕಾಪ್ಟರಿನಲ್ಲಿ ತಂದು ಇಳಿಸಿದ ಕಲ್ಲುಗಳು. ಯಾವ ಕಲ್ಲಿನ ಮೇಲೆ ನಿಂತು ಕಾರ್ಮಿಕರು ದಿನಕ್ಕೆ ಹತ್ತು ಗಂಟೆ ನೂಲು ತೆಗೆದರೋ ಆ ಕಲ್ಲಿನ ಮೇಲೆ ಇಂದು ಅವರ ಮೊಮ್ಮಕ್ಕಳು ಗಾಳಿ ಸೇವಿಸುತ್ತ ನಡೆಯುತ್ತಾರೆ. ಮುಂಬಯಿಯ ಗಿರಣಗಾಂವಿನಲ್ಲಿ ಮುಚ್ಚಿದ ಗಿರಣಿಗಳ ನೆಲದ ಮೇಲೆ ಎದ್ದು ನಿಂತ ಗಗನಚುಂಬಿ ಮನೆಗಳನ್ನು ಕಂಡ ನಮಗೆ ಹೋಲಿಕೆ ತಾನಾಗಿ ಹೊಳೆಯುತ್ತದೆ.

ಡೇರೆಯ ರಾತ್ರಿಗಳು

ಎರಡು ವಾರಗಳ ಬಳಿಕ ಅದೇ ಎಂಟು ಜನ ಸರೋವರ ಪ್ರಾಂತಕ್ಕೆ, ಅಂದರೆ ಲೇಕ್ ಡಿಸ್ಟ್ರಿಕ್ಟಿಗೆ, ಹೋಗಿ ಬಾರೊಡೇಲ್ ಕಣಿವೆಯ ರೈತನೊಬ್ಬನ ಹೊಲದಲ್ಲಿ ಡೇರೆ ಹಾಕಿದೆವು. ರಾತ್ರಿಗೆ ಇಷ್ಟೆಂದು ಹಣ. ನೀರಿನ ನಲ್ಲಿ, ಸ್ನಾನಗೃಹ, ಶೌಚಾಲಯಗಳ ಅನುಕೂಲ. ಆ ಕಣಿವೆಯ ಸೀತ್‌ವೇಟ್ ಎಂಬ ಹಳ್ಳಿ ಇಂಗ್ಲೆಂಡಿನಲ್ಲಿ ಜನವಸತಿಯುಳ್ಳ ಸ್ಥಳಗಳಲ್ಲೆಲ್ಲ ಹೆಚ್ಚು ಮಳೆ ಬೀಳುವ ಊರು. ವರ್ಷಕ್ಕೆ ಸುಮಾರು ೩,೫೦೦ ಮಿಲಿಮೀಟರು. ನಮ್ಮ ಆಗುಂಬೆಯ ಅರ್ಧದಷ್ಟು. ತಗ್ಗಿನಲ್ಲಿ ಡೇರೆ ಹಾಕಬಾರದು, ತೊರೆಯ ಅಂಚು ಬೇಡ, ಗಾಳಿಗೆ ಬಾಗಿಲು ಮಾಡಬಾರದು ಎಂಬ ಪಾಠಗಳನ್ನು ಇಂಜಿನಿಯರರು ಮಕ್ಕಳಿಗೆ ಕಲಿಸಿದರು. ಮಳೆ ಎಷ್ಟೇ ಬರಲಿ, ಒಲೆಯನ್ನು ಡೇರೆಯೊಳಗೆ ಹಚ್ಚಕೂಡದು. ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ ತುಂಬಿ ನಿದ್ದೆಯಲ್ಲೇ ಪ್ರಾಣಹೋದ ಪ್ರಸಂಗಗಳುಂಟು. ಹೊರಗೆ, ಹುಲ್ಲು ಸುಡದಂತೆ ಕಲ್ಲಿನ ಮೇಲೆ ಒಲೆಯಿಟ್ಟು ಮಾಡಿದ ಬಿಸಿಬಿಸಿ ಉಪ್ಪಿಟ್ಟನ್ನು ಕೊಡೆಯ ಕೆಳಗೆ ತಿಂದ ಸುಖವನ್ನು ಮರೆಯಲಾರೆ. ಪಕ್ಕದ ಡೇರೆಯ ಮುದುಕ ದಂಪತಿಗಳೂ ಎರಡು ಸಲ ಬಡಿಸಿಕೊಂಡರು.

ಅಲ್ಲಿ ಮೇಯುವ ಹರ್ಡ್‌ವಿಕ್ ಕುರಿಗಳ ಮರಿಗಳು ಹುಟ್ಟುವಾಗ ಕಪ್ಪು, ಬೆಳೆದಂತೆ ಬೂದು. ಮೊಲದ ಮರಿ ಪೀಟರನ ಕಥೆ ಬರೆದ ಬಿಯಾಟ್ರಿಕ್ಸ್ ಪಾಟರ್ ಈ ತಳಿಯ ಕುರಿಗಳನ್ನು ಸಾಕಿದಾಕೆ. ಪುಸ್ತಕಗಳ ಹಣದಿಂದ ಹೊಲ ಬೆಟ್ಟಗಳನ್ನು ಕೊಂಡು, ೧೯೪೩ರಲ್ಲಿ ತೀರಿಕೊಂಡಾಗ ೪,೦೦೦ ಎಕರೆಗೂ ಮಿಕ್ಕಿದ ನೆಲವನ್ನು ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದಳು. ಹತ್ತಿಗಿರಣಿಗಳ ಬ್ಲ್ಯಾಕ್‌ಬರ್ನ್ ಪಟ್ಟಣದಿಂದ ೧೯೩೦ರಲ್ಲಿ ರಜೆಗೆಂದು ಬಂದ ಆಲ್ಫ್ರೆಡ್ ವೇನ್‌ರೈಟ್ ಎಂಬ ಗುಮಾಸ್ತ ಈ ಬೆಟ್ಟಗಳಿಗೆ ಮನಸೋತು, ಸಮೀಪದ ಕೆಂಡಲಿನಲ್ಲಿ ಕೆಲಸ ಹಿಡಿದ. ಬಿಡುವಿನ ದಿನಗಳಲ್ಲಿ ೨೧೪ ಬೆಟ್ಟಗಳನ್ನು ಹತ್ತಿ, ೧೯೫೫ರಿಂದ ೧೯೬೬ರವರೆಗೆ ಏಳು ಸಂಪುಟಗಳ ಮಾರ್ಗದರ್ಶಿಯನ್ನು ಚಿತ್ರ ಅಕ್ಷರಗಳೆರಡನ್ನೂ ಸ್ವಹಸ್ತದಿಂದಲೇ ಬರೆದು ಪ್ರಕಟಿಸಿದ.

ಈ ಪ್ರಾಂತದ ಕವಿ ವರ್ಡ್ಸ್‌ವರ್ತ್, ಕಣ್ಣೂ ಹೃದಯವೂ ಉಳ್ಳ ಎಲ್ಲರಿಗೂ ಈ ಚೆಲುವಿನಲ್ಲಿ ಹಕ್ಕುಂಟೆಂಬ ಅಭಿಪ್ರಾಯವನ್ನು ತನ್ನ ಪ್ರವಾಸ ಗ್ರಂಥದಲ್ಲಿ ಹೇಳಿದ್ದಾನೆ. ಆದರೆ ೧೮೪೪ರಲ್ಲಿ ವಿಂಡರ್‌ಮಿಯರಿಗೆ ರೈಲು ತರುವ ಯೋಜನೆ ಬಂದಾಗ, ನಗರದ ಕಾರ್ಮಿಕರು ಗುಂಪುಗುಂಪಾಗಿ ಬಂದಾರೆಂದು ಅದನ್ನು ವಿರೋಧಿಸಿದವನೂ ಅವನೇ. ರೈಲು ೧೮೪೭ರಲ್ಲಿ ಬಂದಿತು. ಕವಿಯ ಭಯವನ್ನು ಹಳಿಯುವುದು ಸುಲಭ. ಆದರೆ ಅದು ಪೂರ್ತಿ ನಿರಾಧಾರವೆನ್ನಲಾಗದು. ಒಣಗಿದ ಪೀಟಿಗೆ ಬೆಂಕಿ ಹತ್ತಿದರೆ ನೆಲದೊಳಗೇ ದಿನಗಟ್ಟಲೆ ಉರಿಯುತ್ತದೆ. ೨೦೧೮ರ ಬೇಸಗೆಯಲ್ಲಿ ಮ್ಯಾಂಚೆಸ್ಟರಿನ ಬಳಿಯ ಸ್ಯಾಡಲ್‌ವರ್ತ್ ಬಯಲು ಹೊತ್ತಿಕೊಂಡಾಗ ಸೈನಿಕರನ್ನೇ ಕರೆಸಬೇಕಾಯಿತು.

ಹಕ್ಕು ಮತ್ತು ಹೊಣೆ

ಆದುದರಿಂದ ಹಕ್ಕಿನ ಜತೆಗೆ ಹೊಣೆಯೂ ಇದೆ. ಸ್ಕಾಟ್ಲೆಂಡಿನಲ್ಲಿ ೨೦೦೩ರ ಶಾಸನದ ಪ್ರಕಾರ, ಹೊಣೆಯರಿತು ನಡೆಯುವ ಯಾರೇ ಆದರೂ ಬಹುಪಾಲು ಬಯಲು ಬೆಟ್ಟಗಳಲ್ಲಿ ತಿರುಗಾಡಬಹುದು, ಡೇರೆ ಹಾಕಿ ರಾತ್ರಿ ಕಳೆಯಬಹುದು. ಅಲ್ಲಿಯೂ ಲೋಮಂಡ್ ಸರೋವರದ ದಂಡೆಗಳಲ್ಲಿ ಕಸ ಮತ್ತು ಬೆಂಕಿಯ ಹಾವಳಿ ಮಿತಿಮೀರಿದ್ದರಿಂದ, ೨೦೧೭ರಿಂದ ಮಾರ್ಚ್ ಮೊದಲ್ಗೊಂಡು ಸೆಪ್ಟೆಂಬರ್‌ವರೆಗೆ ಕೆಲವು ಭಾಗಗಳಲ್ಲಿ ಅನುಮತಿ ಪಡೆದೇ ಡೇರೆ ಹಾಕಬೇಕಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸಾಮಾನ್ಯವಾಗಿ ಭೂಮಾಲೀಕನ ಒಪ್ಪಿಗೆ ಬೇಕು. ಡಾರ್ಟ್‌ಮೂರ್ ಎಂಬ ಬಯಲು ಮಾತ್ರ ಇದಕ್ಕೆ ಅಪವಾದ. ಅಲ್ಲಿಯ ಹಕ್ಕನ್ನು ಭೂಮಾಲೀಕರು ಪ್ರಶ್ನಿಸಿದಾಗ ೨೦೨೩ರ ಜನವರಿಯಲ್ಲಿ ಹೈಕೋರ್ಟು ಅವರ ಪಕ್ಷ ವಹಿಸಿತು. ಅದೇ ವರ್ಷ ಮೇಲ್ಮನವಿಯ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ೨೦೨೫ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜನರ ಹಕ್ಕನ್ನೇ ಎತ್ತಿಹಿಡಿಯಿತು. ೧೯೩೨ರ ವ್ಯಾಜ್ಯ ಇನ್ನೂ ಪೂರ್ತಿ ಮುಗಿದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಮುಂಬಯಿ, ಪುಣೆಗಳ ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಬ್ರಿಟನ್ನಿನಲ್ಲಿದ್ದಾರೆ. ತಂದೆತಾಯಿಗಳು ಹೋಗಿ ಎರಡು ಮೂರು ತಿಂಗಳು ಇದ್ದು ಬರುತ್ತಾರೆ. ಮನೆಯೊಳಗೇ ಕುಳಿತು ಬೇಸರಗೊಂಡವರನ್ನು ಬಲ್ಲೆ. ಅವರಿಗೆ ನನ್ನದೊಂದು ಬಿನ್ನಹ: ಒಂದು ಒಳ್ಳೆಯ ಬೂಟು, ಒಂದು ಮಳೆಯಂಗಿ, ಒಂದು ನಕಾಶೆ ಸಂಪಾದಿಸಿರಿ, ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ಹತ್ತಿರದ ಕಾಲುದಾರಿಗೆ ಹೊರಡಿರಿ. ಬೆಟ್ಟವೇ ಆಗಬೇಕೆಂದಿಲ್ಲ, ನದಿಯ ದಂಡೆಯಾದರೂ ಸರಿ. ಎದುರಿಗೆ ಬಂದವರು ಹವೆಯ ಬಗೆಗೆ ಒಂದು ಮಾತಾಡಿ ನಗುತ್ತಾರೆ. ಇಲ್ಲಿಗೇಕೆ ಬಂದಿರೆಂದು ನಮ್ಮನ್ನು ಯಾರೂ ಕೇಳಲಿಲ್ಲ. ಮುಂದೆ ಯಾರಾದರೂ ಕೇಳಿದರೂ ಉತ್ತರ ಕೊಡಬಲ್ಲ ಒಬ್ಬ ಹುಡುಗ ನಮ್ಮ ಮನೆಯಲ್ಲಿದ್ದಾನೆ.

ನಾನು ಮುಂಬಯಿಗೆ ಮರಳಿದ ಮೇಲೆ, ಆಗಸ್ಟ್ ತಿಂಗಳ ಒಂದು ತಿಳಿಯಾದ ದಿನ, ಅವರು ಮತ್ತೆ ಕಿಂಡರಿಗೆ ಹೋದರು. ಬಿಳಿಯ ಕಂಬವನ್ನು ತಬ್ಬಿ ನಿಂತ ಮೊಮ್ಮಗನ ಚಿತ್ರ ಬಂದಿತು. ಕೆಳಗೆ ಕನ್ನಡದಲ್ಲಿ, ವಕ್ರವಾದರೂ ಸ್ವಂತ ಅಕ್ಷರಗಳಲ್ಲಿ ಬರೆದಿದ್ದ: “ಅಜ್ಜಾ, ಮುಟ್ಟಿದೆ. ಬರುವಾಗ ಗೇಟು ಮುಚ್ಚಿ ಬಂದೆ.”